ರಟ್ಟಿನ ಬೆಟ್ಟಕ್ಕೆ ಮೊದಲ ಗುಟುಕು

ಅರಿಕಾ, ಸೋಮವಾರ

ಸೊಸೆ ಎಲ್ವೀರಾ, ನಿನ್ನ ಅತ್ತೆ ಇನ್ನೂ ಉಸಿರಾಡುತ್ತಿದ್ದಾಳೆ, ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ಕರೆಂಟು ಕಂಪನಿಯವರು ತಮ್ಮ ಕಚೇರಿಯಲ್ಲಿ ನಮ್ಮ ಬೆಟ್ಟವನ್ನು ರಟ್ಟಿನಲ್ಲಿ ಮಾಡಿ ಮೇಜಿನ ಮೇಲಿಟ್ಟಿದ್ದಾರೆ. ಹಗಲು ಬಿಸಿಲಿನ ಕರೆಂಟಿನಿಂದ ನೀರನ್ನು ಮೇಲಿನ ಕೆರೆಗೆ ಏರಿಸುತ್ತಾರಂತೆ. ಕತ್ತಲಾದ ಮೇಲೆ ಅದೇ ನೀರನ್ನು ಕೆಳಗೆ ಬಿಟ್ಟು ಮತ್ತೆ ಕರೆಂಟು ಮಾಡುತ್ತಾರಂತೆ.

"ಇಳಿಸೋದಾದ್ರೆ ಏರಿಸೋದ್ಯಾಕಪ್ಪ, ನಿಮಗೆ ಬೇರೆ ಕೆಲ್ಸ ಇಲ್ವಾ?" ಎಂದೆ.

ಎಂಜಿನಿಯರ್ ಇಬಾನ್ಯೆಸ್ ಎರಡು ಸಲ ಬಿಡಿಸಿ ಹೇಳಿದ. ಎರಡು ಸಲವೂ ತಲೆಯಾಡಿಸಿದೆ, ತಿಳಿಯಲಿಲ್ಲ.

ಊಟಕ್ಕೆ ಮೊದಲು ಬಿಯರ್ ಕೊಟ್ಟರು. ಬೆಟ್ಟ ಎದುರಿಗಿರುವಾಗ ಅದಕ್ಕೆ ಕೊಡದೆ ನಾವು ಕುಡಿಯುವುದುಂಟೇ? ಮೊದಲ ಗುಟುಕನ್ನು ಅದರ ನೆತ್ತಿಗೆ ಸುರಿದೆ.

"ಅಜ್ಜೀ, ಅದು ಮೂರು ತಿಂಗಳ ಕೆಲ್ಸ ಕಣಜ್ಜಿ," ಎನ್ನುತ್ತ ಅವನು ಕರವಸ್ತ್ರ ಹುಡುಕಿದ.

ಬಿಯರು ಹರಿದು ಹೋಗಿ ಮೇಲಿನ ಕೆರೆಯೆಂದು ನೀಲಿ ಬಳಿದ ಕುಳಿಯಲ್ಲಿ ನಿಂತಿತು. ಆಗ ಜಾಗದ ಗುರುತು ಹತ್ತಿತು. ಅದು ನಮ್ಮ ಅಲ್ಪಾಕಾಗಳು ಮೇಯುವ ಜೌಗು.

"ಇಲ್ಲಿ ನಮ್ಮ ಹಿಂಡು ಮೇಯ್ತದಲ್ಲೋ."

"ನಕ್ಷೇಲಿ ಖಾಲಿ ಅಂತ ಇದೆಯಲ್ಲಜ್ಜಿ."

ಈಗ ಅವನಿಗೂ ತಿಳಿಯುತ್ತಿಲ್ಲ, ನನಗೂ ತಿಳಿಯುತ್ತಿಲ್ಲ. ಅವರು ಮುಂದಿಟ್ಟ ಒಪ್ಪಿಗೆ ಕಾಗದಕ್ಕೆ ನಾನಿನ್ನೂ ರುಜು ಹಾಕಿಲ್ಲ. ಗುರುವಾರ ಅವನೇ ಜೌಗು ನೋಡಲು ಊರಿಗೆ ಬರುತ್ತಾನೆ.

ಮಂಡಿ ನೋವು ಕಡಿಮೆ, ಆದರೆ ಬೆಟ್ಟ ಇಳಿದಾಗಿನಿಂದ ಕಿವಿ ಕಟ್ಟಿದೆ. ಅಂಚೆಯನ್ನು ನಂಬದೆ ಈ ಕಾರ್ಡನ್ನು ನಮ್ಮೂರ ಬಸ್ ಡ್ರೈವರ್ ಕೈಯಲ್ಲೇ ಕೊಡುತ್ತಿದ್ದೇನೆ, ಹಾರನ್ ಹೊಡೆಯುತ್ತಿದ್ದಾನೆ. ಚಳಿಯೆಂದು ಹಿಂಡನ್ನು ಕೆಳಗೆ ಹೊಡೆಯಬೇಡ. ಅವನು ಬಂದಾಗ ಒಂದೊಂದೂ ಜೌಗಿನಲ್ಲೇ ನಿಂತು ಮೇಯುತ್ತಿರಲಿ.

ನಿನ್ನ ಅತ್ತೆ,
ಸತುರ್ನೀನಾ