ಬಾಗಿಲ ಬಳಿಯ ಬಿಳಿ ಕಾಗದ

ಕೋಪನ್‌ಹೇಗನ್
ಮಂಗಳವಾರ, 26 ಫೆಬ್ರವರಿ 1889

ಪ್ರೀತಿಯ ಅಕ್ಕ ಕಿರ್ಸ್ಟೀನೆಗೆ,

ಬಾಗಿಲ ಬಳಿ ನಾನು ಬೆನ್ನು ತಿರುಗಿಸಿ ನಿಂತಿರುವ ಚಿತ್ರ ನಿನ್ನೆ ಮಾರಾಟವಾಯಿತು. ಸುದ್ದಿ ತಂದವಳು ಅಡುಗೆಯ ಬೋಲೆಟ್ಟೆ. ಒಳಗೆ ಕಾಫಿ ಕೊಟ್ಟು ಬಂದವಳೇ, "ಅಮ್ಮಾವ್ರೇ, ನಿಮ್ಮ ಬೆನ್ನು ಮಾರಾಟ ಆಗೋಯ್ತು! ಮರದ ವ್ಯಾಪಾರಿ ವಿಬೆ ತಗೊಂಡ್ರು. ಮುಖ ಕಾಣದಿದ್ರೂ ಒಪ್ಪಿದ್ರು ನೋಡಿ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಹೇಳಿದಳು, ಜೋಡಿಗೆ ಇನ್ನೊಂದು ಬೇಕಂತೆ. ಅದೇ ಕೋಣೆ, ಅದೇ ಕಪ್ಪು ಉಡುಪು, ಕೈಯಲ್ಲಿ ಅದೇ ಕಾಗದ.

ಆ ಕಾಗದ ಯಾವುದೆಂದು ನಿನಗೆ ಇದುವರೆಗೆ ಬರೆದಿರಲಿಲ್ಲ. ಓಡೆನ್ಸೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೇಳಿ ನೀನೇ ಕೊಡಿಸಿದ ಶಿಕ್ಷಕಿ ಕೆಲಸದ ನೇಮಕದ ಪತ್ರ. ಡಿಸೆಂಬರಿನಲ್ಲಿ ಅದು ಬಂದ ದಿನ ಬಾಗಿಲ ಬಳಿಯೇ ಒಡೆದು ಓದುತ್ತಿದ್ದೆ. ಹಿಂದಿನಿಂದ ನಮ್ಮ ಯಜಮಾನರು ಆಸ್ಮುಸ್, "ಅಲ್ಲಾಡ್ಬೇಡ! ಹಾಗೇ ನಿಂತ್ಕೋ" ಎಂದರು. ಹತ್ತು ವಾರ ಹಾಗೇ ನಿಂತೆ. ಚಳಿಗಾಲದ ಬೆಳಕು ಹತ್ತರಿಂದ ಎರಡರವರೆಗೆ ಮಾತ್ರ. ಅಷ್ಟು ಹೊತ್ತೂ ನಾನು ಅವರ ಚಿತ್ರಕ್ಕೆ ಬೇಕು. ಕೆಲಸ ನಿಲ್ಲಿಸಿದ ಕೂಡಲೇ, ಮಡಿಕೆ ಕೆಡಬಾರದೆಂದು, ಕಾಗದವನ್ನು ಬಣ್ಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಚಿತ್ರದಲ್ಲಿ ಅದರ ಮೇಲೆ ಒಂದಕ್ಷರವೂ ಇಲ್ಲ. ಬರೀ ಬಿಳಿ.

ಪತ್ರದ ಕೊನೆಯಲ್ಲಿ ಗಂಡನ ಸಹಿಗೆ ಜಾಗವಿದೆ. ಅವರನ್ನು ಕೇಳಿದೆಯಾ ಎಂದು ನೀನು ಮೂರು ಸಲ ಬರೆದೆ. ಇನ್ನೂ ಇಲ್ಲ ಅಕ್ಕ. ಅದು ಏನೆಂದು ಅವರಿಗೆ ಗೊತ್ತಿಲ್ಲ. ಅವರಿಗೆ ಅದು ಬೆಳಕು ಬೀಳುವ ಒಂದು ತುಂಡು, ಅಷ್ಟೇ. ಚಿತ್ರ ಮಾರಾಟವಾದ ಖುಷಿಯಲ್ಲಿದ್ದಾರೆ. ಇವತ್ತು ಊಟಕ್ಕೆ ಕೂತಾಗ ಕೇಳುತ್ತೇನೆ. ಸಹಿಯಾದ ಹಾಳೆ ಶುಕ್ರವಾರದೊಳಗೆ ಶಾಲೆ ತಲುಪಬೇಕು.

ನಾನು ಚೆನ್ನಾಗಿದ್ದೇನೆ. ಕತ್ತು ಮಾತ್ರ ಸ್ವಲ್ಪ ನೋಯುತ್ತದೆ. ಓಡೆನ್ಸೆಯಲ್ಲಿ ನನಗಾಗಿ ನೋಡಿಟ್ಟ ಕೋಣೆಯನ್ನು ಬಿಡಬೇಡ.

ನಿನ್ನ ತಂಗಿ,
ಥೀರಾ

ತಾ.ಕ.: ಊಟವಾಯಿತು. ನಾನು ಬಾಯಿ ತೆರೆಯುವ ಮೊದಲೇ ಆಸ್ಮುಸ್ ಮೀನಿನ ಮುಳ್ಳು ಬಿಡಿಸುತ್ತಾ, "ಸಹಿ ವಿಷ್ಯ ತಾನೇ? ಆ ಕಾಗದ ಬಂದ ದಿನಾನೇ ಓದಿದ್ದೆ ಕಣೇ. ನೀನು ಓಡೆನ್ಸೆಗೆ ಹೋದ್ರೆ ಬಾಗಿಲ ಹತ್ರ ಬೋಲೆಟ್ಟೆನ ನಿಲ್ಲಿಸ್ಲಾ?" ಎಂದು ನಕ್ಕರು. ಬೀಗದ ಕೈ ಅವರ ಜೇಬಿನಲ್ಲೇ ಇದೆ. ಕೋಣೆಯನ್ನು ಬೇರೆಯವರಿಗೆ ಕೊಡಲು ಹೇಳು. ಎರಡನೇ ಚಿತ್ರ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶುರು.