ಮುಚ್ಚದ ಕೋಟೆ ಬಾಗಿಲು

ಮನೆಯಿಂದ,
ಶುಕ್ರವಾರ ಮಧ್ಯಾಹ್ನ, ಅತ್ತೆ ನಿದ್ದೆಯಲ್ಲಿರುವ ಹೊತ್ತು

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಆ ಮುಲಾಮು ಹಚ್ಚಿಕೊಳ್ಳಲು ನಾಚಿಕೆಪಡಬೇಡಿ, ಹಡಗಿನವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ನಿಮ್ಮ ಅಮ್ಮ ಚೆನ್ನಾಗಿದ್ದಾರೆ. ಬಲಗೈಗೆ ಇನ್ನೂ ಪೂರ್ತಿ ಶಕ್ತಿ ಬಂದಿಲ್ಲ, ಆದರೆ ಲಕ್ವ ಅವರ ನಾಲಿಗೆಯ ಹತ್ತಿರಕ್ಕೂ ಸುಳಿದಿಲ್ಲ. ನಾನೂ ಇದ್ದೇನೆ, ಅಡುಗೆಮನೆಯಿಂದ ಅವರ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ ಗಾಣದೆತ್ತಿನ ಹಾಗೆ ಸುತ್ತುತ್ತಾ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ನೋಡೋಣ ಬಿಡು’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಕಾಗದ ಬರೆಯುವಾಗ ನಡುವೆ ಬಾಯಿ ಹಾಕುವವರು ಯಾರೂ ಇಲ್ಲ.

ವಿಷಯ ಏನೆಂದರೆ, ನಿಮ್ಮ ಗೇಮ್ ಕ್ಯಾಸೆಟ್ಟು ಕೈಕೊಟ್ಟಿತು. ಕಾಲೇಜಿನ ದಿನಗಳಲ್ಲಿ ನೀವೇ ಚಿಪ್‌ಗೆ ಆಟ ತುಂಬಿ, ಬೆಸುಗೆ ಹಾಕಿ, ‘ಅಸಲಿಗಿಂತ ಒಂದು ಕೈ ಮೇಲು’ ಎಂದು ಮೆರೆದಿದ್ದಿರಲ್ಲ, ಅದೇ ಕೋಟೆ ಆಟ. ಬೆರಳುಗಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದಾಗ ಅಟ್ಟದಿಂದ ಇಳಿಸಿದ್ದೆ. ಈಗ ಅತ್ತೆಗೆ ಅದೇ ಊಟ, ಅದೇ ನಿದ್ದೆ. ಆಟ ನಡೆಯುತ್ತಿದ್ದರೆ ಪಕ್ಕದ ಮನೆಯ ಟೈಲರ್ ಅಕ್ಕನ ಜೊತೆ ಹಾಯಾಗಿ ಕೂರುತ್ತಾರೆ. ನಿಂತರೆ ಮುಗಿಯಿತು, ನಾನು ಚಪ್ಪಲಿ ಮೆಟ್ಟುವ ಮೊದಲೇ ‘ಎಲ್ಲಿಗೆ ಹೊರಟ್ಯೇ?’ ಎಂದು ಕೂಗು. ಕ್ಯಾಸೆಟ್ಟು ಕೆಟ್ಟ ವಾರವೇ, ನಾನು ಕೆಲಸಕ್ಕೆ ಹೋಗುತ್ತಿದ್ದ ರಿಪೇರಿ ಅಂಗಡಿಯ ಮಾಲೀಕರು ಹೇಳಿಕಳಿಸಿದ್ದರು: ‘ತಿಂಗಳ ಕೊನೇವರೆಗೂ ನಿನ್ನ ಟೇಬಲ್ ಖಾಲಿ ಇಟ್ಟಿರ್ತೀನಮ್ಮ, ಆಮೇಲೆ ಬೇರೆಯವರನ್ನ ಕೂರಿಸ್ತೀನಿ.’ ಈ ಮನೆಯ ಹೊರಗೆ ನನ್ನದು ಅಂತ ಇರುವುದು ಆ ಟೇಬಲ್ ಒಂದೇ.

ಸೆರಗು ಬಿಗಿದು ಕೂತೆ. ಮೊದಲು ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ರಬ್ಬರಿನಲ್ಲಿ ತಿಕ್ಕಿದೆ. ನೀವು ಬಾಯಲ್ಲಿ ಊದಿ ಊದಿ ಹಾಕುತ್ತಿದ್ದಿರಲ್ಲ, ಆ ಎಂಜಲಿಗೇ ಅರ್ಧ ಕಿಲುಬು ಹಿಡಿದಿತ್ತು! ಹೆಬ್ಬೆರಳಿನಲ್ಲಿ ಒತ್ತಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಮಾಯ. ನೋಡಿದರೆ ಬೋರ್ಡೇ ಬಿರುಕು ಬಿಟ್ಟಿತ್ತು. ಹೊಸ ಬೋರ್ಡು ಮಾಡಿದೆ. ಅದು ತೆಳ್ಳಗಾಗಿ ಪೆಟ್ಟಿಗೆಯೊಳಗೆ ಅಲ್ಲಾಡಿತು, ಹಿಂದೆ ಟೇಪು ಅಂಟಿಸಿ ದಪ್ಪ ಮಾಡಿದೆ. ನಿಮ್ಮ ಚಿಪ್‌ನಲ್ಲಿದ್ದ ಆಟವನ್ನು ಕಂಪ್ಯೂಟರಿಗೆ ಇಳಿಸಿ, ಅಂಗಡಿಯಿಂದ ತರಿಸಿದ ಅಸಲಿ ಕ್ಯಾಸೆಟ್ಟಿನದರ ಪಕ್ಕಕ್ಕೆ ಇಟ್ಟು ತಾಳೆ ನೋಡಿದರೆ ಒಂದು ಕಡೆ ಒಂದೇ ಒಂದು ಅಂಕಿ ಬೇರೆ! ನೀವು ತುಂಬುವಾಗ ಎಲ್ಲೋ ಎಡವಟ್ಟಾಗಿತ್ತು. ಇಷ್ಟು ವರ್ಷ ಜಂಬ ಕೊಚ್ಚಿದವರ ತಪ್ಪು ಕೈಗೆ ಸಿಕ್ಕರೆ ಯಾವ ಹೆಂಡತಿಗೆ ಖುಷಿಯಾಗುವುದಿಲ್ಲ? ತಿದ್ದಿ, ಹೊಸ ಚಿಪ್‌ಗೆ ತುಂಬಿದೆ. ಕ್ಯಾಸೆಟ್ಟು ಸಲೀಸಾಗಿ ಓಡಿತು. ಅತ್ತೆ ಸ್ವಲ್ಪ ಹೊತ್ತು ಆಡಿ ಜಾಯ್‌ಸ್ಟಿಕ್ಕನ್ನು ಹಾಸಿಗೆಯ ಮೇಲೆ ಬಿಸಾಡಿದರು. ‘ಇದು ನನ್ ಮಗ ಮಾಡಿದ್ದಲ್ಲ. ತಗೊಂಡ್ ಹೋಗು.’ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಚಿಪ್ ಬದಲಿಸಿದೆ. ಹಳೆಯ ಕವಚವನ್ನೇ ತೊಡಿಸಿ ಯಾಮಾರಿಸಲೂ ನೋಡಿದೆ. ಊಹೂಂ. ನನ್ನನ್ನು ಕಟ್ಟಿಹಾಕಲು ಬೇಕೆಂತಲೇ ಮಾಡುತ್ತಿದ್ದಾರೆ ಅನ್ನಿಸಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಕೊನೆಗೆ ಹಟ ಬಿಟ್ಟು ಅವರ ಪಕ್ಕದಲ್ಲೇ ಕೂತು ನೋಡಿದೆ. ಕೋಟೆಯೊಳಗೆ ಕಾಲಿಟ್ಟ ಕೂಡಲೆ ಹಿಂದೆ ಬಾಗಿಲು ಬಿತ್ತು. ಅತ್ತೆ ಬೇರೆ ದಾರಿ ಹುಡುಕದೆ ಆ ಬಾಗಿಲಿಗೇ ಹೋಗಿ ಹೋಗಿ ಗುದ್ದಿದರು. ‘ಮೊದ್ಲು ಇದು ಮುಚ್ತಾನೇ ಇರ್ಲಿಲ್ಲ ಕಣೇ. ಒಳಗೆ ಹೋಗಿ, ಬೇಕಾದಾಗ ಹೊರಗೆ ಬರ್ತಿದ್ದೆ. ಮಂಚ ಬಿಟ್ಟು ಏಳೋಕಾಗದೋಳನ್ನ ಆಟದಲ್ಲೂ ಕೂಡಿಹಾಕ್ಬೇಕಾ?’ ನಾನು ತಿದ್ದಿದ ಅಂಕಿ ಅದೇ, ಬಾಗಿಲು ಮುಚ್ಚುವ ಅಂಕಿ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ನಡೆಯುತ್ತಿದೆ. ಸಂಜೆಯೊಳಗೆ ನಿಮ್ಮ ತಪ್ಪನ್ನು ಇದ್ದ ಹಾಗೇ ಬೇರೊಂದು ಚಿಪ್‌ಗೆ ತುಂಬಿ ಹಾಕಿದೆ. ಅತ್ತೆ ಕೋಟೆಯೊಳಗೆ ಹೋದರು, ಬಂದರು, ಮತ್ತೆ ಹೋದರು, ಮತ್ತೆ ಬಂದರು. ಆ ದಿನ ಬೇರೇನೂ ಆಡಲಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ‘ಏನೇ ಅನ್ನು, ಅವನ ಕೈಗುಣಾನೇ ಬೇರೆ’ ಎಂದೂ ಹೇಳಿದ್ದಾರೆ. ತಪ್ಪು ನಿಮ್ಮದು, ದುಡಿಮೆ ನನ್ನದು, ಹೊಗಳಿಕೆ ಮತ್ತೆ ನಿಮಗೇ. ಇರಲಿ ಬಿಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಣ್ಣೀರಿನಲ್ಲಿ ಸ್ನಾನ ಬೇಡ.

ಇಂತಿ,
ನಿಮ್ಮವಳು

ತಾ.ಕ.: ಅತ್ತೆ ಏಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಸೋಮವಾರದಿಂದ ಅಂಗಡಿಗೆ ಹೋಗುತ್ತೇನೆ. ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಟೈಲರ್ ಅಕ್ಕ ಹೊಲಿಗೆ ಮಷೀನನ್ನು ನಮ್ಮ ಹಜಾರಕ್ಕೇ ತಂದು ಹಾಕುತ್ತಾರೆ, ಅತ್ತೆಯೂ ಹೂಂ ಅಂದಿದ್ದಾರೆ. ಆದರೆ ಎಷ್ಟು ದಿನ ಅಂತ ಅವರಿವರ ಮೇಲೆ ಭಾರ ಹಾಕುವುದು? ರಜೆ ಹಾಕಿ ಬರುತ್ತೇನೆ ಅಂದವರು ಪ್ರತಿ ಸಲವೂ ತಪ್ಪಿಸಿಕೊಂಡಿದ್ದೀರಿ. ಹಡಗಿನಲ್ಲೂ ಅಂಥದೇ ಹಳೇ ಗೇಮ್ ಪೆಟ್ಟಿಗೆ ಇದೆ ಅಂದಿದ್ದಿರಲ್ಲ, ನಾನು ತಿದ್ದಿದ ಚಿಪ್ ಹಾಕಿ ಇನ್ನೊಂದು ಕ್ಯಾಸೆಟ್ಟು ಮಾಡಿ ಇದರ ಜೊತೆ ಕಳಿಸಿದ್ದೇನೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಕೋಟೆಯೊಳಗೆ ಹೋಗಿ, ಬಾಗಿಲು ಬಿದ್ದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರಿ. ಆಮೇಲೆ ರಜೆಗೆ ಅರ್ಜಿ ಬರೆಯಿರಿ.