ಸರಸರ ಸಾರುವೆ

ಜನವರಿ 5, ಬೆಳಿಗ್ಗೆ

ಹಿಮ ಕರಗಲೆಂದು ಸೈಟಿನ ಮೆಟ್ಟಿಲಿಗೆ ಉಪ್ಪು ಚೆಲ್ಲಿಸಿದೆ. ಗೋಡೆಗೆ ಕಟ್ಟಿದ ಸಾರುವೆಯ ಹಲಗೆಗಳಿಂದ ಮಂಜುಗಡ್ಡೆ ಕೆರೆಸಿದೆ. ಹೀಟರ್ ಕೋಣೆ ಬೆಚ್ಚಗಿದೆ, ಖಾಲಿ ಇದೆ. ಒಳಗೆ ಬಂದವನು ಹೇಡಿ ಎಂದು ಈ ಕೆಲಸಗಾರರ ಲೆಕ್ಕ. ನನ್ನಂಥ ಸೇಫ್ಟಿ ಆಫೀಸರ್ ಎಂದರೆ ಬೇರೆಯವರ ಚಳಿಗೆ ತಾನು ನಡುಗುವವನು.

ಚಳಿ ಒಳಗಿಳಿದರೆ ನಾಲಿಗೆ ತೊದಲುತ್ತದೆ. ಅದಕ್ಕೇ ಹೊಸ ನಿಯಮ. ನಾನು ಸುತ್ತು ಬಂದಾಗಲೆಲ್ಲ ಪ್ರತಿಯೊಬ್ಬನೂ ಹೇಳಬೇಕು: "ಸರಸರ ಸಾರುವೆ ಏರಿ ಸರಳು ಸರಿಸಿದ ಸರದಾರ." ತೊದಲಿದವನು ಕೆಳಗೆ — ಹೀಟರ್, ಬಿಸಿ ಟೀ.

ಜನವರಿ 6

ನಿಯಮ ಭರ್ಜರಿ ಯಶಸ್ಸು. ಎಲ್ಲರೂ ತೊದಲುತ್ತಿದ್ದಾರೆ. ಬಡಗಿ ಬಾಯಿ ತೆರೆಯುವ ಮೊದಲೇ ಲೋಟ ಹಿಡಿದು ನಿಂತಿದ್ದ.

"ಇನ್ನೂ ಶುರುವೇ ಮಾಡಿಲ್ವಲ್ಲಯ್ಯ!"

"ತೊದಲೋದು ಗ್ಯಾರಂಟಿ ಸಾರ್. ಸುಮ್ನೆ ಟೈಮ್ ಯಾಕೆ ವೇಸ್ಟು?"

ತೊದಲದವರು ಒಬ್ಬರೇ, ಮೇಸ್ತ್ರಿ. ಅಂದರೆ ಭಾವ, ಅಕ್ಕನ ಗಂಡ. ಕರಣೆ ನಿಲ್ಲಿಸದೆ, ನನ್ನತ್ತ ತಿರುಗದೆ, ಪೂರ್ತಿ ಒಪ್ಪಿಸುತ್ತಾರೆ. ಕೊನೆಗೊಂದು ಬಾಲಂಗೋಚಿ: "ಆಯ್ತೇನೋ? ನೀನು ಹೋಗಿ ಕಂಬಳಿ ಹೊದ್ಕೊಂಡು ಮಲಕ್ಕೋ."

ಅಕ್ಕ ಹೆಣೆದ ಕೈಗವಸು ಅವರ ಜೇಬಿನೊಳಗೆ ಬೆಚ್ಚಗಿವೆ.

ಜನವರಿ 9

ಅಕ್ಕನ ಫೋನು. "ನಿಮ್ಮ ಭಾವನ್ನ ಒಂಚೂರು ನೋಡ್ಕೊಳೋ. ನಿದ್ದೇಲೂ ಸರಸರ ಸರಸರ ಅಂತಾರೆ."

ನಕ್ಕೆ.

ಜನವರಿ 12, ಸಂಜೆ

ಆಸ್ಪತ್ರೆಯಿಂದ ಈಗಷ್ಟೇ ಬಂದೆ.

ಮೂರನೇ ಮಹಡಿಯ ನೀರಿನ ಪೈಪು ಹೆಪ್ಪುಗಟ್ಟಿ ಒಡೆದಿತ್ತು. ಚಿಮ್ಮಿದ ನೀರಿಗೆ ತಾವು ತೊಯ್ದದ್ದನ್ನು ಭಾವ ಯಾರಿಗೂ ಹೇಳಿರಲಿಲ್ಲ. ಒದ್ದೆ ಅಂಗಿಯ ಮೇಲೆ ಒಣ ಕೋಟು, ಕೆಲಸ ಸಾಗಿತ್ತು. ನಾನು ಹೋದಾಗ ಸಾರುವೆಯ ಅಂಚಿನಲ್ಲಿದ್ದರು. ಪದ್ಯ ಹೇಳಿದರು. ಸಾರುವೆ, ಸರಳು, ಸರದಾರ — ಒಂದಕ್ಷರ ತಪ್ಪಿಲ್ಲ. ಹೊರಟೆ.

ಬೆನ್ನ ಹಿಂದಿನಿಂದ: "ಆಯ್ತು, ನೀವು ಹೋಗಿ ಬನ್ನಿ."

ನೀವು.

ಅಕ್ಕನ ಮದುವೆಯಾದಂದಿನಿಂದ ನನಗೆ ಬಹುವಚನ ಕೊಟ್ಟವರಲ್ಲ. ತಿರುಗಿದೆ. ಭಾವನ ಮುಖದೊಳಗಿಂದ ಯಾರೋ ಸಜ್ಜನರು ನನ್ನನ್ನು ನೋಡುತ್ತಿದ್ದರು... ಚಳಿ ತಲೆಗೇರಿ, ನಾನು ಯಾರೆಂದೇ ಅವರಿಗೆ ಗೊತ್ತಿರಲಿಲ್ಲ. ಬಡಗಿಯನ್ನು ಕೂಗಿದೆ. ಇಬ್ಬರೂ ಹಿಡಿದು ಲಿಫ್ಟಿನಲ್ಲಿ ಇಳಿಸಿದೆವು. ಒದ್ದೆ ಬಟ್ಟೆ ಬಿಚ್ಚಿ ಕಂಬಳಿ ಸುತ್ತಿದೆವು. ಆಂಬುಲೆನ್ಸ್.

"ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ರೆ ಬಿದ್ದೇ ಬಿಡ್ತಿದ್ರು. ಈಗ ಭಯ ಇಲ್ಲ" ಎಂದರು ಡಾಕ್ಟರು.

ಬಾಯಿಪಾಠಕ್ಕೆ ಬಾಯಿ ಸಾಕು. ಒಳಗೆ ಮನುಷ್ಯ ಇರಬೇಕೆಂದಿಲ್ಲ.

ಜನವರಿ 20

ಪದ್ಯ ರದ್ದು. ಈಗ ಪ್ರತಿ ಸುತ್ತಿಗೂ ಹೊಸ ಪ್ರಶ್ನೆ. ತೊಯ್ದವನು ಪ್ರಶ್ನೆಯಿಲ್ಲದೆ ಕೆಳಗೆ. ಹೀಟರ್ ಕೋಣೆಯಲ್ಲಿ ಕೂರಲು ಜಾಗವಿಲ್ಲ. ಯಾರೂ ಯಾರನ್ನೂ ಹೇಡಿ ಎನ್ನುವುದಿಲ್ಲ.

"ಏನೋ, ಒಂದು ಟೀ ಕೊಡೋ" ಎಂದ ಬಡಗಿ, ನನಗೆ.

"ಏನಂದೆ?"

"ನಂದು ಉಲ್ಟಾ ಕೇಸು ಸಾರ್. ಚಳಿ ಹತ್ತಿದ್ರೆ ಏಕವಚನ ಬರುತ್ತೆ."

ಕೊಟ್ಟೆ.

ಜನವರಿ 23, ಮಧ್ಯಾಹ್ನ

ಭಾವ ಇವತ್ತು ಕೆಲಸಕ್ಕೆ ಬಂದರು. ಕೈಗವಸು ಕೈಯಲ್ಲೇ! ಆಸ್ಪತ್ರೆಯಲ್ಲಿ ಅಕ್ಕನ ಜೊತೆಗಷ್ಟೇ ಮಾತು. ನನ್ನನ್ನು ಕಂಡರೆ ಗೋಡೆ ನೋಡುತ್ತಿದ್ದರು. ನಾಚಿಕೆ ಇರಬೇಕು. ಹೀಗಾಗಿ ನನಗಿನ್ನೂ ಒಂದು ಉತ್ತರ ಬಾಕಿ: ನೀನೋ, ನೀವೋ?

ಸೈಟಿಗೆ ಸೈಟೇ ಸುತ್ತ ನೆರೆಯಿತು. ಬಡಗಿ ಲೋಟ ತುಂಬಿಸಿ ರೆಡಿ.

"ಹೇಗಿದ್ದೀರಿ, ಭಾವ?"

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಿಸಿ ಲೋಟ ನೋಡಿದರು. ಮೀಸೆಯ ಒಂದು ತುದಿ ಅಲುಗಿತು. ಬಾಯಿ ತೆರೆದರು —

"ನೀ..."